ಚೆಂಡು ಬಾರದ ಮೂಲೆ

ವೆರ್ನೆಲ್ ಬೂಕರ್ ಫುಟ್‌ಬಾಲ್ ನೋಡುವಾಗ ಚೆಂಡನ್ನು ನೋಡುತ್ತಿರಲಿಲ್ಲ. ಊರಿನವರ ಕಣ್ಣೆಲ್ಲ ಚೆಂಡಿನ ಹಿಂದೆ ಓಡುತ್ತಿದ್ದರೆ ಅವಳ ಕಣ್ಣು ಮೈದಾನದ ಒಂದಂಚಿನಲ್ಲಿ, ಮಗ ಜಕೋರಿಯ ಕಾಲುಗಳ ಮೇಲೆ ಇರುತ್ತಿತ್ತು. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೇ ಎಸೆದು ಹಿಡಿಯುತ್ತಾರೆ; ಅವನು ಅದರಲ್ಲಿ ಕಾರ್ನರ್‌ಬ್ಯಾಕ್. ಎದುರು ತಂಡದಲ್ಲಿ ಚೆಂಡು ಹಿಡಿಯಲು ಓಡುವವನಿಗೆ ಅಂಟಿಕೊಂಡೇ ಓಡಿ, ಅವನ ಕೈಗೆ ಅದು ಸಿಗದಂತೆ ನೋಡಿಕೊಳ್ಳುವುದು ಅವನ ಕೆಲಸ. ಆ ಕೆಲಸ ಚೆನ್ನಾಗಿ ಮಾಡಿದರೆ ಅಲ್ಲಿ ಏನೂ ನಡೆಯುವುದಿಲ್ಲ. ಏನೂ ನಡೆಯದಿದ್ದಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟುವವಳು ಇಡೀ ಮಿಸಿಸಿಪ್ಪಿಯಲ್ಲಿ ಅವಳೊಬ್ಬಳೇ.

ಬೆಲ್‌ಫೋರ್ಕ್ ಶಾಲೆಯ ಅಡುಗೆಮನೆಯಲ್ಲಿ ಅವಳಿಗೆ ಕೆಲಸ. ಗಂಡ ನದಿಯ ಸರಕುದೋಣಿಗಳಲ್ಲಿ ದುಡಿಯುತ್ತಿದ್ದ, ತಿಂಗಳಿಗೊಮ್ಮೆ ಮನೆಗೆ ಬಂದರೆ ಹೆಚ್ಚು. ಹಾಗಾಗಿ ಜಕೋರಿಯ ಆಟವೆಲ್ಲ ತಾಯಿಯ ಪಾಲಿಗೇ ಬಂತು. ಹುಡುಗ ಕಡ್ಡಿಯಂತಿದ್ದ, ಬೇರೆಲ್ಲಿ ನಿಲ್ಲಿಸಿದರೂ ಮುರಿದುಹೋಗುತ್ತಾನೆಂದು ಮೂಲೆಗೆ ನಿಲ್ಲಿಸಿದರು. ದೊಡ್ಡ ವಿಶ್ವವಿದ್ಯಾಲಯಗಳು ಅವನ ತೂಕ ಕೇಳಿಯೇ ಫೋನ್ ಇಟ್ಟವು. ಎರಡು ಗಂಟೆ ದೂರದ ಒಂದು ಸಣ್ಣ ಕಾಲೇಜು ಕರೆಯಿತು. ಮೊದಲ ವರ್ಷ ಬೆಂಚು ಕಾದ, ಎರಡನೆಯ ವರ್ಷ ಆಡಿದ, ಮೂರನೆಯ ವರ್ಷ ಎದುರಾಳಿಗಳು ಎಸೆದ ಆರು ಚೆಂಡು ಕಸಿದುಕೊಂಡ.

ಅಲ್ಲೇ ಎಡವಟ್ಟಾದದ್ದು. ನಾಲ್ಕನೆಯ ವರ್ಷ ಅವನಿದ್ದ ಕಡೆಗೆ ಚೆಂಡು ಎಸೆಯುವುದನ್ನೇ ಎಲ್ಲರೂ ಬಿಟ್ಟರು. ಹತ್ತು ಪಂದ್ಯ ಮುಗಿದರೂ ಅವನು ಕಸಿದದ್ದು ಸೊನ್ನೆ. ವೃತ್ತಿಪರ ತಂಡಗಳ ಪರವಾಗಿ ಆಟಗಾರರನ್ನು ಹುಡುಕಿಕೊಂಡು ಬರುವ ಮಹಾಶಯರಿಗೋ ಎಣಿಸುವುದಕ್ಕೆ ಏನಾದರೂ ಬೇಕು. ಬಾರದ ಚೆಂಡನ್ನು ಎಣಿಸುವ ವಿದ್ಯೆ ಅವರಿಗೆ ಯಾರೂ ಕಲಿಸಿರಲಿಲ್ಲ.

“ಏನೇ ವೆರ್ನೆಲ್, ನಿನ್ನ ಮಗ ಆಡ್ತಾನೋ, ಇಲ್ಲಾ ಸುಮ್ನೆ ಬಿಸಿಲು ಕಾಯಿಸ್ಕೊಳ್ತಾನೋ? ಪೇಪರಲ್ಲಿ ಹೆಸರೇ ಇಲ್ವಲ್ಲೇ!” ಎಂದು ಜೊತೆಗೆ ಅಡುಗೆ ಮಾಡುವ ಆರ್ಲೀನ್ ಛೇಡಿಸುತ್ತಿದ್ದಳು.

“ಅವನ ಕಡೆ ಎಸೆಯೋ ಗಂಡು ಇನ್ನೂ ಹುಟ್ಟಿಲ್ಲ ಕಣೇ. ನೀನು ಬೀನ್ಸ್ ನೋಡು, ತಳ ಹಿಡೀತಿದೆ,” ಎನ್ನುತ್ತಿದ್ದಳು ವೆರ್ನೆಲ್.

ಕೊನೆಯ ಪಂದ್ಯದ ಹಿಂದಿನ ದಿನ ಮಗ ಫೋನ್ ಮಾಡಿದ.

“ಅಮ್ಮಾ, ನಾಳೆ ಮೂರು ತಂಡದೋರು ನೋಡೋಕೆ ಬರ್ತಾರಂತೆ. ನಾನು ಒಂದ್ಸಲ, ಒಂದೇ ಒಂದ್ಸಲ, ನಾನು ಕಾಯೋನನ್ನ ಎರಡು ಹೆಜ್ಜೆ ಸಡಿಲ ಬಿಡ್ತೀನಿ. ಖಾಲಿ ಇದೆ ಅಂತ ಎಸೀತಾರೆ. ಹಾರಿ ಕಿತ್ಕೋತೀನಿ.”

“ಕೋಚ್ ಹಾಗೆ ಆಡು ಅಂದ್ರಾ?”

“ಅಂಟ್ಕೊಂಡೇ ಇರು ಅಂತಾರೆ. ಕಿತ್ಕೊಂಡ್ಮೇಲೆ ಯಾರು ಕೇಳ್ತಾರಮ್ಮಾ?”

ಬೇಡ ಎನ್ನಬೇಕೆನಿಸಿತು. ಆದರೆ ಹತ್ತು ಪಂದ್ಯದ ಸೊನ್ನೆ ಅವಳನ್ನೂ ತಿನ್ನುತ್ತಿತ್ತು. “ಹುಷಾರು ಮಗಾ,” ಎಂದಷ್ಟೇ ಹೇಳಿದಳು.

ಮರುದಿನ ಪಂದ್ಯದ ಮೂರನೆಯ ಭಾಗದಲ್ಲಿ ಅವನ ಕಾಲು ಎರಡು ಹೆಜ್ಜೆ ಹಿಂದೆ ಸರಿದದ್ದು ಅವಳೊಬ್ಬಳಿಗೇ ಕಂಡಿತು. ಎಲ್ಲ ಅವನೆಣಿಸಿದಂತೆಯೇ ನಡೆಯಿತು. ಚೆಂಡು ಎಸೆಯುವವನು ನಂಬಿದ, ಎಸೆದ. ಜಕೋರಿ ಚಾಚಿ ಹಾರಿದ. ಚೆಂಡು ಅವನ ಬೆರಳ ತುದಿಗೆ ತಾಗಿ, ಅವನು ಸಡಿಲ ಬಿಟ್ಟಿದ್ದವನ ಎದೆಗೇ ಹೋಗಿ ಕೂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಚೆಂಡು ಸಿಕ್ಕವನು ಅರವತ್ತು ಗಜ ಓಡಿ ಗೆರೆ ದಾಟಿದ. ಅಲ್ಲಿಗೆ ಪಂದ್ಯ ಕೈತಪ್ಪಿತು. ಹುಲ್ಲಿನ ಮೇಲೆ ಬೋರಲು ಬಿದ್ದಿದ್ದ ಮಗನನ್ನು ಎಬ್ಬಿಸಲು ತಾಯಿ ಹೋಗುವಂತಿರಲಿಲ್ಲ. ನಡುವೆ ಬೇಲಿಯಿತ್ತು.

ಮಾರ್ಚಿನಲ್ಲಿ ಕಾಲೇಜಿನವರು ವೃತ್ತಿಪರ ತಂಡದವರ ಮುಂದೆ ಹುಡುಗರನ್ನು ಓಡಿಸಿ, ನೆಗೆಸಿ ತೋರಿಸಿದರು. ಜಕೋರಿಯ ಓಟ ನೋಡಿ ಗಡಿಯಾರ ಹಿಡಿದವರು ಬೆರಗಾಗಿ ಮುಖ ಮುಖ ನೋಡಿಕೊಂಡರಂತೆ. ಆಮೇಲೆ ಒಂದು ವಾರಕ್ಕೆ, ಊಟದ ಗಲಾಟೆ ಮುಗಿದ ಹೊತ್ತಿನಲ್ಲಿ, ಹಾಲಿಂಗರ್ ಎಂಬ ವಯಸ್ಸಾದ ಮನುಷ್ಯ ಶಾಲೆಯ ಅಡುಗೆಮನೆಗೇ ಬಂದ. ಕೊನೆಯ ಪಂದ್ಯ ನೋಡಲು ಬಂದಿದ್ದ ಮೂರು ತಂಡಗಳ ಪೈಕಿ ಒಂದರವನು. ಹುಡುಗರನ್ನು ಆರಿಸುವ ಮುಂಚೆ ಮನೆಯವರನ್ನು ಮಾತಾಡಿಸುವುದು ಅವರ ಪದ್ಧತಿ. ವೆರ್ನೆಲ್ ಅವನಿಗೆ ಕುರ್ಚಿ ಕೊಟ್ಟಳು, ಪೀಚ್ ಹಣ್ಣು ಹಾಕಿ ಬೇಯಿಸಿದ ಸಿಹಿ ಕಾಬ್ಲರ್ ಬಡಿಸಿದಳು. ಅವನು ಸವಿದು ತಿಂದ. ಮಗ ಚರ್ಚಿಗೆ ಹೋಗುತ್ತಾನಾ, ಜೊತೆಗಾರರು ಎಂಥವರು ಎಂದೆಲ್ಲ ಕೇಳಿದ.

“ಅಮ್ಮಾವ್ರೇ, ಆ ಕೊನೇ ಪಂದ್ಯದಲ್ಲಿ ಒಂದು ಚೆಂಡು ತಪ್ಪಿಹೋಯ್ತಲ್ಲ, ನೀವೂ ನೋಡಿದ್ರಾ?”

ಇವರು ಮಗನ ಕಾಲನ್ನು ಅನುಮಾನಿಸುತ್ತಿದ್ದಾರೆ ಎಂದುಕೊಂಡಳು ವೆರ್ನೆಲ್. ಅವಳಿಗೆ ಅದೊಂದನ್ನು ಸಹಿಸಲಾಗುತ್ತಿರಲಿಲ್ಲ.

“ಅವನು ಸೋಲ್ಲಿಲ್ಲ ಸಾರ್! ಬೇಕಂತಲೇ ಬಿಟ್ಟಿದ್ದು. ಆ ಕಡೆ ಎಸೀಲಿ ಅಂತ ಎರಡು ಹೆಜ್ಜೆ ಸಡಿಲ ಬಿಟ್ಟ. ಹಿಂದಿನ ದಿನ ನನಗೇ ಹೇಳಿದ್ದ. ನನ್ನ ಮಗನನ್ನ ಓಡಿ ಸೋಲಿಸೋರು ಯಾರೂ ಇಲ್ಲ.”

ಹಾಲಿಂಗರ್ ಚಮಚ ಕೆಳಗಿಟ್ಟ.

“ಓಟದ ಬಗ್ಗೆ ನಮಗೆ ಅನುಮಾನವೇ ಇರ್ಲಿಲ್ಲ ಅಮ್ಮಾವ್ರೇ. ಒಂದ್ಸಲನೂ ಸೋಲದ ಕಾರ್ನರ್‌ಬ್ಯಾಕ್ ಎಲ್ಲಿದ್ದಾನೆ? ನಿಮ್ಮ ಹುಡುಗನ್ನ ಕೇಳಿದ್ದಕ್ಕೆ, ಕೋಚ್ ಹೇಳಿದ ಹಾಗೇ ನಿಂತಿದ್ದೆ, ಸೋತೆ ಅಂದ. ಆ ಮಾತು ನನಗೆ ಇಷ್ಟ ಆಗಿತ್ತು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಏನೇನೋ ತಡವರಿಸಿದಳು: ಅವನು ಸುಳ್ಳುಗಾರನಲ್ಲ, ಕೋಚ್ ಎಂದರೆ ಪ್ರಾಣ, ಅದೊಂದೇ ಸಲ. ಹಾಲಿಂಗರ್ ಮರ್ಯಾದೆಯಿಂದಲೇ ತಲೆಯಾಡಿಸಿದ, ಕಾಬ್ಲರ್ ಚೆನ್ನಾಗಿತ್ತು ಎಂದ, ಹೊರಟುಹೋದ. ಈ ಜನ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಇರುತ್ತಾರೆಯೇ? ಉಳಿದ ಎರಡು ತಂಡದವರು ಮಗನಿಗೆ ಮಾಡುತ್ತಿದ್ದ ಫೋನೂ ಆ ವಾರವೇ ನಿಂತಿತು.

ವೆರ್ನೆಲ್ ಮಗನಿಗೆ ಹೇಳಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದೂಡಿದಳು. ಅಭ್ಯಾಸಕ್ಕೆಂದು ಮನೆಗೆ ಬಂದಿದ್ದ ಅವನು ದಿನಾ ಬೆಳಿಗ್ಗೆ ನದಿಯ ಏರಿಯ ಮೇಲೆ ಓಡಿ, ಬೆವರಿಳಿಸಿಕೊಂಡು ಬರುತ್ತಿದ್ದ. ಅವಳು ಗ್ರಿಟ್ಸ್ ಗಂಜಿಯ ಮೇಲೆ ಎರಡು ಮೊಟ್ಟೆ ಹಾಕಿ ಮುಂದಿಡುತ್ತಿದ್ದಳು. “ನಿಧಾನ ತಿನ್ನೋ,” ಎನ್ನುತ್ತಿದ್ದಳು.

ಏಪ್ರಿಲ್ ಕೊನೆಗೆ ಮೂರು ದಿನ, ವೃತ್ತಿಪರ ತಂಡಗಳು ಆರಿಸಿಕೊಂಡವರ ಹೆಸರನ್ನು ಟಿವಿಯಲ್ಲಿ ಕರೆದರು. ಇನ್ನೂರೈವತ್ತಕ್ಕೂ ಹೆಚ್ಚು ಹುಡುಗರ ಹೆಸರಾಯಿತು. ಜಕೋರಿ ಬೂಕರ್ ಎಂದು ಯಾರೂ ಅನ್ನಲಿಲ್ಲ. ಹೆಸರು ಬಾರದವರನ್ನೂ ಫೋನಿನಲ್ಲಿ ಕರೆಸಿಕೊಳ್ಳುವುದುಂಟು, ಅದೂ ಬರಲಿಲ್ಲ. ಶನಿವಾರ ಸಂಜೆ ಅವನು ಟಿವಿ ಆರಿಸಿ ತಾಯಿಯ ಕಡೆ ತಿರುಗಿದ.

“ಅಮ್ಮಾ, ಆ ಹಾಲಿಂಗರ್ ಹತ್ರ ನಾನು ಸುಳ್ಳು ಹೇಳ್ಬಿಟ್ಟೆ, ಸೋತೆ ಅಂತ. ಬೇಕಂತಲೇ ಬಿಟ್ಟಿದ್ದು ಅಂತ ನಿಜ ಹೇಳಿದ್ರೆ ಚೆನ್ನಾಗಿರ್ತಿತ್ತೇನೋ, ಅಲ್ವಾ?”

“ನಾನು ಹೇಳಿದೆ ಮಗಾ,” ಎಂದಳು. “ಅಡುಗೆಮನೆಗೆ ಬಂದಿದ್ರು. ನಿನ್ನ ಕಾಲಿಗೆ ಕೆಟ್ಟ ಹೆಸರು ಬರಬಾರದು ಅಂತ ಎಲ್ಲ ಹೇಳ್ಬಿಟ್ಟೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ.

“ಯಾವಾಗ?”

“ಮಾರ್ಚಿನಲ್ಲಿ.”

ಅವನು ಬೆರಳು ಮಡಚಿ ವಾರಗಳನ್ನು ಎಣಿಸಿದ.

“ಆಮೇಲೂ ದಿನಾ ಬೆಳಿಗ್ಗೆ ಓಡ್ತಿದ್ನಲ್ಲಮ್ಮಾ. ನೀನು ನೋಡ್ತಾನೇ ಇದ್ಯಾ?”

“ನೋಡ್ತಾನೇ ಇದ್ದೆ ಮಗಾ,” ಎಂದಳು ವೆರ್ನೆಲ್.