ಫೋನಿಗೆ ಹೇಳಿದ ಪುಂಡಿಪಲ್ಯ

ಅವ್ವ ತೀರಿಕೊಂಡ ಮೇಲೆ ನನಗೊಂದು ಚಟ ಹತ್ತಿತ್ತು. ಈ ತೆಲುಗು ಊರಿನಲ್ಲಿ ತಾರ್ನಾಕದಿಂದ ಗಚ್ಚಿಬೌಲಿಯ ಆಫೀಸಿಗೆ ಹೋಗುವಾಗ ಕ್ಯಾಬಿನಲ್ಲಿ ಕೂತು, ಅವಳ ಅಡಿಗೆಗಳನ್ನು ಒಂದೊಂದಾಗಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಮರೆತರೆ ಕೇಳಲು ಮನೆಯಲ್ಲಿ ಇನ್ಯಾರೂ ಇರಲಿಲ್ಲ.

ಅವತ್ತು ಪುಂಡಿಪಲ್ಯದ ಸರದಿ. ಪುಂಡಿಯ ಹುಳಿಸೊಪ್ಪು, ಬೇಳೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆವರೆಗೆ ಬಂದಿದ್ದೆ. ಹತ್ತುವಾಗ ಹಿಂದಿಯಲ್ಲಿ ಮಾತಾಡಿದ್ದ ಡ್ರೈವರ್ ತಟ್ಟನೆ, “ಅಕ್ಕಾರ, ಜ್ವಾಳದ ನುಚ್ಚು ಹಾಕಾಂಗಿಲ್ಲೇನ್ರಿ?” ಎಂದ.

ಬೆಚ್ಚಿದೆ. ನುಚ್ಚು ನಿಜಕ್ಕೂ ಮರೆತಿದ್ದೆ.

“ನೀವು ಕನ್ನಡದವರೇನ್ರಿ?”

“ಯಾದಗಿರಿ ಕಡೆಯವ್ರಿ. ಉಪ್ಪಲ್‌ನಾಗ ಒಬ್ನ ರೂಮ್ ಮಾಡೀನಿ. ಯಾರಿಗೆ ಹೇಳಾಕತ್ತಿದ್ರಿ, ಮಗಳಿಗೇನ್ರಿ?”

ಹೂಂ ಅಂದುಬಿಡಬಹುದಿತ್ತು. “ಯಾರಿಗೂ ಇಲ್ರಿ. ಬರೇ ಫೋನಿಗೆ,” ಎಂದೆ. ಹೇಳಿದ ಮೇಲೆ ನಾಚಿಕೆಯಾಗಿ ಕಿಟಕಿಯ ಹೊರಗೆ ನೋಡತೊಡಗಿದೆ.

ಸಿಗ್ನಲ್ ದಾಟಿದ ಮೇಲೆ ಅವನು ಸಣ್ಣಗೆ ಹಾಕಿದ್ದ ಹಾಡು ಬಂದ್ ಮಾಡಿ, “ಹಂಗಾರ ನನಗ ಹೇಳ್ರಿ. ಪುಂಡಿಸೊಪ್ಪು ಇಲ್ಲಿ ಗೋಂಗೂರ ಅಂತ ಭಾಳ ಸಿಗ್ತೈತಿ. ತಿಂದು ಗೊತ್ತೈತಿ, ಮಾಡಾಕ ಬರಂಗಿಲ್ಲ,” ಎಂದ.

ಮೊದಲಿನಿಂದ ಹೇಳಿದೆ. ನೀರೆಷ್ಟು, ಮೆಣಸಿನಕಾಯಿ ಯಾವಾಗ ಎಂದು ಅವನು ಕೇಳಿದಂತೆಲ್ಲ, ನನಗೆ ನೆನಪಿಲ್ಲ ಅಂದುಕೊಂಡಿದ್ದೂ ಬಾಯಿಗೆ ಬಂತು. ಆಫೀಸಿನ ಗೇಟು ಬಂದಾಗ ನುಚ್ಚು ಇನ್ನೂ ಬೆಂದಿರಲಿಲ್ಲ. ಅವನು ಗಾಡಿ ಪಕ್ಕಕ್ಕೆ ಹಾಕಿ, ಒಗ್ಗರಣೆ ಮುಗಿಯುವವರೆಗೂ ಕೇಳಿದ.

ಇಳಿದ ಮೇಲೆ ಆ್ಯಪ್ ಕೇಳಿತು: ಚಾಲಕ ಅನಗತ್ಯವಾಗಿ ಮಾತಾಡಿದರೇ? ಇಲ್ಲ ಎಂದು ಒತ್ತಿದೆ. ಪ್ರಯಾಣಿಕಳ ಬಗ್ಗೆ ಅದು ಕೇಳಲಿಲ್ಲ, ಪುಣ್ಯ.