ಕೋರೆಯ ಬಾಯಲ್ಲಿ ಅತ್ತಿಗೆ

ನನ್ನ ಅತ್ತಿಗೆ ಸತ್ಯವತಿಗೆ ಹೆದರಿಕೆ ಹತ್ತಿಸಿದ್ದು ಭೂತವೂ ಅಲ್ಲ, ಪೊಲೀಸರೂ ಅಲ್ಲ, ಒಬ್ಬಳು ಯಹೂದಿ ಅಜ್ಜಿ. ನಮ್ಮೂರು ಬೋವಿಕಾನದಿಂದ ಇಸ್ರೇಲಿಗೆ ಹೋಗಿ ವರ್ಷಗಟ್ಟಲೆ ಆ ಅಜ್ಜಿಯನ್ನು ಮೀಯಿಸಿ, ಉಣ್ಣಿಸಿ ನೋಡಿಕೊಂಡವಳು ಅತ್ತಿಗೆ. ಶನಿವಾರ ಬಂದರೆ ಅಜ್ಜಿ ತಮ್ಮ ತೋರಾ ಗ್ರಂಥ ಓದುವುದು, ನಡುವೆ ನಿಲ್ಲಿಸಿ ಇವಳನ್ನು ಕೇಳುವುದು: "ಇದನ್ನು ಯಾಕೆ ಹೀಗೆ ಬರೆದದ್ದು, ಹೇಳು?"

ಅದರಲ್ಲಿ ಬರುವ ಪ್ರವಾದಿ ಮೋಶೆ, ನದಿಯನ್ನು ರಕ್ತ ಮಾಡುವಾಗ ನೀರಿಗೆ ತಾನೇ ಕೋಲಿನಲ್ಲಿ ಹೊಡೆಯಲಿಲ್ಲ, ಅಣ್ಣನಿಂದ ಹೊಡೆಸಿದ. ಯಾಕೆ? ಕೂಸಾಗಿದ್ದಾಗ ಅವನನ್ನು ಬುಟ್ಟಿಯಲ್ಲಿ ತೇಲಿಸಿ ಉಳಿಸಿದ ನೀರು ಅದು. ಉಪಕಾರ ಮಾಡಿದ್ದಕ್ಕೆ ಹೊಡೆಯಬಾರದಂತೆ. ಇಂಥದ್ದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಊರಿಗೆ ಬಂದಳು ಮಾರಾಯ್ತಿ! ನಾನು ಬಾವಿಗೆ ಕೊಡಪಾನ ದಡಕ್ಕನೆ ಬಿಟ್ಟರೂ ಬೈಗುಳ. ನನಗೆ ನಗೆಯೋ ನಗೆ.

ಆದರೆ ಆ ಗ್ರಂಥದ ಮಾತು ಇನ್ನೊಂದು ಉಂಟು. ಮನೆ ಕಟ್ಟಿದರೆ ಟೆರೇಸಿನ ಸುತ್ತ ಗೋಡೆ ಕಟ್ಟು. ಬೀಳುವವನು ಅಲ್ಲಿಂದ ಬಿದ್ದರೆ ಅವನ ರಕ್ತ ನಿನ್ನ ಮನೆಯ ಮೇಲೆ. ಇನ್ನೂ ಬೀಳದವನು ಆಗಲೇ ಬೀಳುವವನಾದದ್ದು ಹೇಗೆ? ಅಜ್ಜಿಯ ಉತ್ತರ: "ಅವನು ಎಲ್ಲಾದರೂ ಬೀಳುವವನೇ ಇರಬಹುದು. ನಿನ್ನ ಮನೆಯಲ್ಲಿ ಬೀಳಬಾರದು."

ನಮ್ಮದು ಹಂಚಿನ ಮನೆ. ಆದರೆ ಹಿಂದಿನ ಗುಡ್ಡೆಯಲ್ಲಿ ಕೆಂಪುಕಲ್ಲು ಕಡಿದು ಬಿಟ್ಟುಹೋದ ಕೋರೆ ಉಂಟು. ಮಳೆಗಾಲದಲ್ಲಿ ತೆಂಗಿನಮರ ಮುಳುಗುವಷ್ಟು ನೀರು, ಸುತ್ತ ಬೇಲಿ ಇಲ್ಲ. ಕೂಲಿ ಕೆಲಸದ ಬಟ್ಯ ಕಳ್ಳಿನಂಗಡಿಯಿಂದ ತೂರಾಡಿಕೊಂಡು ಮನೆಗೆ ಹೋಗುವುದು ಅದರ ಅಂಚಿನಲ್ಲೇ. "ಅವನು ಹೇಗೂ ಒಂದು ದಿನ ಬೀಳುವವನೇ" ಅಂತ ನನ್ನಣ್ಣ ಕೇಶವಪ್ರಸಾದ ಉಡಾಫೆಯಿಂದ ಹೇಳಿದ್ದೇ ತಡ, ಅತ್ತಿಗೆಯ ಮುಖ ಬಿಳಿಚಿತು. ಬೇಲಿ ಹಾಕಬೇಕಾದದ್ದು ಕೋರೆಯವರು ಅಂತ ಅಣ್ಣ. ಕೋರೆಯವರೋ ಫೋನೇ ಎತ್ತುವುದಿಲ್ಲ.

ಅತ್ತಿಗೆ ಬೇಲಿಗೆ ಕಾಯಲಿಲ್ಲ. ಮುಸ್ಸಂಜೆಯಾದರೆ ಟಾರ್ಚ್ ಹಿಡಿದು ತಾನೇ ಅಂಚಿನಲ್ಲಿ ನಿಂತು ಬಟ್ಯನನ್ನು ದಾಟಿಸುವುದು. "ನಿನಗೆ ಮರ್ಲಾ ಅತ್ತಿಗೆ, ತಲೆ ಕೆಟ್ಟಿತಾ?" ಅಂತ ಬೈಯುತ್ತಾ ನಾನೂ ಹಿಂದೆ ಹೋಗುವುದು. ಮನೆಯಲ್ಲಿ ಕೂತರೆ ಕಣ್ಣು ಗುಡ್ಡೆಯ ಕಡೆಗೇ. ಅವನು ಬರುವುದು ತಡವಾದರೆ ಅತ್ತಿಗೆ ನೀರಿಗೆ ಟಾರ್ಚ್ ಹಾಕಿ ಹುಡುಕುವಳು. ಎಂತದಾದರೂ ತೇಲುವುದು ಕಂಡರೆ ಇಬ್ಬರಿಗೂ ಜೀವ ಬಾಯಿಗೆ ಬರುತ್ತಿತ್ತು. ನೋಡಿದರೆ ಅಡಿಕೆ ಹಾಳೆ.

ಆಟಿ ತಿಂಗಳ ಜೋರು ಮಳೆಯ ಒಂದು ಸಂಜೆ, ನೆನೆದ ಅಂಚು ಅತ್ತಿಗೆಯ ಕಾಲಡಿಯಲ್ಲೇ ಕುಸಿಯಿತು. ಟಾರ್ಚೂ ಹೋಯಿತು, ಅತ್ತಿಗೆಯೂ ಹೋದಳು. ಅಯ್ಯೋ ದೇವರೇ! ನಾನು ಕೂಗುತ್ತಾ ಬಗ್ಗಿ ನೋಡಿದೆ. ಕೆಳಗೆ ಕಲ್ಲು ಕಡಿದ ಮೆಟ್ಟಿಲನ್ನು ಉಗುರಿನಲ್ಲಿ ಕಚ್ಚಿ ಹಿಡಿದು, ಕುತ್ತಿಗೆವರೆಗೆ ನೀರಿನಲ್ಲಿ ನೇತಾಡುತ್ತಿದ್ದಳು. ಅವಳಿಗೆ ಈಜು ಬಾರದು, ನನಗೂ ಬಾರದು.

ಅಷ್ಟರಲ್ಲಿ ಬಟ್ಯ ಓಡಿ ಬಂದ. ಬಾಯಲ್ಲಿ ಕಳ್ಳಿನ ವಾಸನೆ ಇತ್ತು, ಕೈ ಮಾತ್ರ ನಡುಗಲಿಲ್ಲ. ಕವುಚಿ ಮಲಗಿ, ಉಟ್ಟ ಮುಂಡು ಬಿಚ್ಚಿ ಕೆಳಗೆ ಇಳಿಸಿದ. ನಾನು ಅವನ ಕಾಲು ಗಟ್ಟಿ ಹಿಡಿದು ಕೂತೆ. ಅತ್ತಿಗೆ ಮುಂಡು ಹಿಡಿದು ಹತ್ತಿದಳು.

ಮೇಲೆ ಬಂದವಳೇ ಗಡಗಡ ನಡುಗುತ್ತಾ ಅವನಿಗೇ ಬೈದಳು. "ರಸ್ತೆ ಉಂಟಲ್ಲ ಮಾರಾಯ! ಈ ದಾರಿಯಲ್ಲಿ ಎಂತಕ್ಕೆ ಸಾಯಲಿಕ್ಕೆ ಬರುವುದು ನೀನು?"

ಬಟ್ಯ ಮುಖದ ಕೆಸರು ಒರೆಸಿಕೊಂಡ.

"ಮಳೆ ಶುರುವಾದ ಮೇಲೆ ನಾನು ರಸ್ತೆಯಲ್ಲೇ ಹೋಗುತ್ತಿದ್ದವ ಅಕ್ಕಾ. ನೀವಿಬ್ಬರು ಇಲ್ಲಿ ನಿಲ್ಲುವುದು ಕಂಡು, ನೀವೇ ಬಿದ್ದರೆ ಅಂತ ಹೆದರಿಕೆ ಆಯಿತು. ನಾನು ದಾಟದೆ ನೀವು ಮನೆಗೆ ಹೋಗುವುದಿಲ್ಲವಲ್ಲ, ಅದಕ್ಕೆ ದಿನಾ ಸುತ್ತು ಹಾಕಿ ಇಲ್ಲಿಗೆ ಬರುವುದು."