ಮುದ್ದಾಗಿ ಬಂದ ನನ್ನ ಹೆಸರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತೆಲುಗನ್ನು ಪರೀಕ್ಷಿಸದೆಯೇ ‘ತೆಲುಗು ಸರಿಯಾಗಿ ಬರುತ್ತಿದೆ’ ಎಂದು ಬರೆದುಕೊಟ್ಟವನು ನಾನೇ.

ಅಚ್ಯುತಾಪುರಂನ ಒಂದು ಔಷಧ ಕಾರ್ಖಾನೆಗೆ ಗೇಟ್‌ಪಾಸ್ ಮುದ್ರಿಸುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಕಾರ್ಮಿಕರು ತಮ್ಮ ಹೆಸರನ್ನು ತಾವೇ ಓದಿಕೊಳ್ಳಲಿ ಎಂದು ಪಾಸು ತೆಲುಗಿನಲ್ಲಿ ಬರಬೇಕಿತ್ತು. ಪರೀಕ್ಷೆಗೆಂದು ಕಾರ್ಖಾನೆಯವರು ತೆಲುಗು ಹೆಸರುಗಳ ಉದ್ದನೆಯ ಪಟ್ಟಿ ಕೊಟ್ಟಿದ್ದರು. ದಾವಣಗೆರೆಯ ಈ ಮಹಾಶಯ ಅದನ್ನು ತೆರೆಯಲೂ ಇಲ್ಲ. “ತೆಲುಗು, ಕನ್ನಡ ಅಕ್ಕತಂಗೇರು ಸಾರ್. ಒಬ್ಬಳು ಬಂದ್ರೆ ಇನ್ನೊಬ್ಬಳೂ ಬಂದಂಗೇ,” ಎಂದು ನಮ್ಮ ಮ್ಯಾನೇಜರರಿಗೆ ಅವರದೇ ಮೂಗುದನಿಯಲ್ಲಿ ಹೇಳಿದೆ. ಅವರೂ ನಕ್ಕರು. ಗೇಟಿಗೆ ಹೋಗಬೇಕಿದ್ದ ಪ್ರಿಂಟರಿಗೆ ಕನ್ನಡ ಫಾಂಟೊಂದನ್ನೇ ತುಂಬಿ ನನ್ನ ಹೆಸರು ಹೊಡೆದೆ. ಒತ್ತಕ್ಷರ ಸಮೇತ ಮುದ್ದಾಗಿ ಬಂತು. ಆ ಪಾಸನ್ನು ಕೊರಳಿಗೆ ಹಾಕಿಕೊಂಡು ದ್ವಾರಕಾ ನಗರದ ನಮ್ಮ ಆಫೀಸಿನಲ್ಲಿ ಮದುಮಗನ ಹಾಗೆ ಓಡಾಡಿದೆ.

ಹೊಸ ಪಾಸು ಶುರುವಾದ ಬೆಳಿಗ್ಗೆ ನಾನೂ ಗೇಟಿನಲ್ಲಿದ್ದೆ. ತೆಲುಗು ಫಾಂಟಿಲ್ಲದ ಪ್ರಿಂಟರು ಹೆಸರು ಇರಬೇಕಾದಲ್ಲೆಲ್ಲ ಖಾಲಿ ಚೌಕಗಳನ್ನು ಹೊಡೆದಿತ್ತು. ಹಳಬರನ್ನು ಕಾವಲುಗಾರ ಮುಖ ನೋಡಿ ಬಿಟ್ಟ. ಅಂದೇ ಕೆಲಸಕ್ಕೆ ಸೇರಬೇಕಿದ್ದ, ಪೆಂಡುರ್ತಿಯಿಂದ ಬಸ್ಸು ಬದಲಿಸಿ ಬಂದಿದ್ದ ಹೆಂಗಸನ್ನು ಮಾತ್ರ ತಡೆದ. ಅವನಿಗೆ ಅವಳ ಮುಖ ಗೊತ್ತಿಲ್ಲ, ಪಾಸಿಗೆ ಅವಳ ಹೆಸರು ಗೊತ್ತಿಲ್ಲ.

“ಒಂಬತ್ತಕ್ಕೆ ಗೇಟು ಮುಚ್ತೀರಿ. ಮೊದಲ ದಿನವೇ ತಪ್ಪಿಸಿದ್ರೆ ಬೇರೆಯವರನ್ನ ತಗೋತಾರಂತೆ ಅಣ್ಣಾ,” ಎಂದು ಅವಳು ತೆಲುಗಿನಲ್ಲಿ ಅಂಗಲಾಚುತ್ತಿದ್ದಳು.

ತೆಲುಗು ಫಾಂಟು ಹಾಕಲು ಹತ್ತು ನಿಮಿಷ ಸಾಕು. ಅದಿದ್ದ ಲ್ಯಾಪ್‌ಟಾಪ್ ಮಾತ್ರ ಗಂಟೆಗೂ ಮೀರಿದ ದಾರಿಯ ಆಫೀಸಿನಲ್ಲಿತ್ತು. ಗಾಬರಿಯಾದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಕಾವಲುಗಾರನ ಗೊಗ್ಗರು ದನಿಯಲ್ಲಿ, “ಶ್ರೀಮತಿ ಡಬ್ಬಾ ಡಬ್ಬಾ ಗಾರೂ, ದಯಚೇಯಂಡಿ!” ಎಂದು, ಆ ಖಾಲಿ ಚೌಕಗಳನ್ನೇ ಹೆಸರು ಮಾಡಿ ಅವಳನ್ನು ಒಳಗೆ ಕರೆದೆ. ಸಾಲೆಲ್ಲ ಗೊಳ್ಳೆಂದಿತು. ಅವಳು ನಗಲಿಲ್ಲ. ಆ ಮುಖ ನೋಡಿದ ಮೇಲೆ ಜೇಬಿನಿಂದ ಪೆನ್ನು ತೆಗೆದೆ.

“ನಾನೇ ಪೆನ್ನಲ್ಲಿ ಹೆಸರು ಬರೆದುಕೊಡ್ತೀನಮ್ಮಾ.”

“ಪೆನ್ನು ಗಿನ್ನು ನಡೆಯಲ್ಲ,” ಎಂದು ಕಾವಲುಗಾರ ಗೇಟು ಎಳೆದ. ಒಂಬತ್ತಾಗಿತ್ತು.

ಆಗಲಾದರೂ ತಪ್ಪು ನನ್ನದು ಎನ್ನಬಹುದಿತ್ತು. “ಏನ್ಮಾಡೋದಮ್ಮಾ, ಈ ಮಿಷಿನ್ನಿಗೆ ನಮ್ಮ ಭಾಷೆಗಳೇ ಬರಲ್ಲ,” ಎಂದೆ, ಅರೆಬರೆ ತೆಲುಗಿನಲ್ಲಿ.

ಅವಳು ನನ್ನ ಕೊರಳಿನ ಪಾಸನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ನೋಡಿದಳು. ಕನ್ನಡದ ಅಕ್ಷರ ಅವಳಿಗೂ ಅಷ್ಟಿಷ್ಟು ಗುರುತು ಹತ್ತಿರಬೇಕು. ಆಮೇಲೆ ಅವಳು ಅಂದದ್ದನ್ನು, ಊರಿನವರನ್ನೆಲ್ಲ ಅಣಕಿಸುವ ನಾನು, ಅವಳ ದನಿಯಲ್ಲಿ ಇವತ್ತಿಗೂ ಯಾರೆದುರೂ ಆಡಿ ತೋರಿಸಿಲ್ಲ:

“ನಿನ್ನ ಹೆಸರು ಚೆನ್ನಾಗಿ ಬಂದಿದೆಯಲ್ಲ ಬಾಬೂ. ಹೋಗು, ಒಳಗೆ ಹೋಗಿ ನನ್ನ ಕೆಲಸಾನೂ ನೀನೇ ಮಾಡು.”